ಸಾಹೇಬರ ಕರಿಬಿಳಿ ಸಿನಿಮಾ, ಗಂಧಕದ ಕೋಣೆಯ ಕೊಂಡಿ

ನಮ್ಮ ಕಬ್ಬೂರಿನಿಂದ ಈ ಸಲ ಇಬ್ಬರು ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಿದ್ದಾರೆ. ಅವರಲ್ಲೊಬ್ಬಳು ನನ್ನ ತಮ್ಮನ ಮಗಳು. ತರಬೇತಿಗೆ ಹೋಗುವ ಮುಂಚೆ ಇಬ್ಬರೂ ಮನೆಗೆ ಬಂದು, ತನಿಖೆ ಮಾಡುವುದು ಹೇಗೆ ಹೇಳಿಕೊಡಿ ಎಂದು ಕೂತರು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಪೊಲೀಸರ ಧಾರಾವಾಹಿಗಳು. ಅವುಗಳಲ್ಲಿ ಅಧಿಕಾರಿಯೊಬ್ಬ ಒಂದು ಕೂದಲೆಳೆ ಹಿಡಿದುಕೊಂಡು ಸೀದಾ ಕೊಲೆಗಾರನ ಮನೆಗೆ ಹೋಗಿ ನಿಲ್ಲುತ್ತಾನೆ. ನಾನು ಇಡೀ ಸೇವೆಯಲ್ಲಿ ಕೂದಲೆಳೆ ಹಿಡಿದುಕೊಂಡು ಎಲ್ಲಿಗೂ ಹೋದವನಲ್ಲ. ಹೆಚ್ಚಾಗಿ ಹೋದದ್ದು ಚಹಾದ ಅಂಗಡಿಗೆ, ಅಲ್ಲಿ ಕೂತವರ ಮಾತಿಗೆ ಕಿವಿ ಕೊಡಲು.

ಬಡ್ತಿ, ಬಹುಮಾನಗಳ ಮಾತು ಇಲ್ಲಿ ಬೇಡ. ಅವು ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತವೆ. ಇವರಿಗೆ ನಾನು ಹೇಳಿದ್ದು ಒಂದು ಸಿನಿಮಾದ ವಿಷಯ. ಅದನ್ನು ನಾವು ಅತಿಯಾಗಿ ಮೆಚ್ಚಿಕೊಂಡದ್ದರಿಂದ ಒಬ್ಬ ಹೆಣ್ಣುಮಗಳು ಜೈಲಿನ ಬಾಗಿಲ ತನಕ ಹೋದ ವಿಷಯ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗಿನ ಮೊದಲ ಸಾಹೇಬರು ಮೊದಲು ಕೈ ಎತ್ತಿ ಆಮೇಲೆ ಬಾಯಿ ತೆರೆಯುವವರು. ಏಟು ತಿಂದವನು ಮಾಡದ ಕಳವನ್ನೂ ಒಪ್ಪಿಕೊಳ್ಳುತ್ತಿದ್ದ. ಮಾಲು ಮಾತ್ರ ಎಲ್ಲಿಯೂ ಸಿಗುತ್ತಿರಲಿಲ್ಲ. ಅಂಥವರ ಕೈಕೆಳಗೆ ವರ್ಷಗಟ್ಟಲೆ ದುಡಿದ ಮೇಲೆ, ನಾನು ಎಎಸ್‌ಐ ಆಗಿ ಗಡಿಯ ಒಂದು ಠಾಣೆಗೆ ಬಂದಾಗ ಸಿಕ್ಕವರು ಪಿಎಸ್‌ಐ ಶಶಿಧರ ಸಾಹೇಬರು. ತುಮಕೂರಿನ ಕಡೆಯವರು, ನನ್ನ ಮಗನ ವಯಸ್ಸಿನವರು. ಯಾರ ಮೇಲೂ ಕೈ ಮಾಡುತ್ತಿರಲಿಲ್ಲ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಮರಾಠಿ ಅಂತೂ ಪೂರ್ತಿ ತಿಳಿಯುತ್ತಿರಲಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನಾನು ಪಕ್ಕದಲ್ಲಿ ಇರಲೇಬೇಕಿತ್ತು.

ಅವರಿಗೆ ಒಂದು ಹುಚ್ಚಿತ್ತು. ಅಮೆರಿಕದ ಹಳೆಯ ಕರಿಬಿಳಿ ಸಿನಿಮಾಗಳ ಹುಚ್ಚು. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಕ್ವಾರ್ಟರ್ಸಿಗೆ ಕರೆದು, ಕಿಟಕಿಗೆ ಚಾದರ ಕಟ್ಟಿ, ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ಹಚ್ಚಿದರು. ಅದರ ಹೆಸರು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಬಣ್ಣವಿಲ್ಲ, ಹಾಡಿಲ್ಲ, ನಗುವ ಒಂದು ಮುಖವಿಲ್ಲ. ಊಟ ಮಾಡಿ ಹೋಗಿದ್ದೆ, ಒಂದು ನಿದ್ದೆ ತೆಗೆಯೋಣ ಎಂದುಕೊಂಡೆ.

ಕತೆ ಇಷ್ಟೇ. ದೊಡ್ಡದೊಂದು ಸೇತುವೆಯ ಮೇಲೆ ಸುಂಕ ವಸೂಲಿ ಮಾಡುವ ಒಬ್ಬ ಜೈಲಿನಲ್ಲಿ ಕೂತು ತನ್ನ ಕತೆ ಹೇಳುತ್ತಾನೆ. ದಿನಾ ಕಾರಿನಲ್ಲಿ ದಾಟಿಹೋಗುವ ಒಬ್ಬ ಶ್ರೀಮಂತನ ಹೆಂಡತಿ ಇವನನ್ನು ನೋಡಿ ನಗುತ್ತಾಳೆ. ಆ ನಗೆಯ ಬೆನ್ನು ಹತ್ತಿ ಇವನು ಹಾಳಾಗುತ್ತಾನೆ. ಗಂಡನ ಕಾರು ಸೇತುವೆಯಿಂದ ನೀರಿಗೆ ಬೀಳುತ್ತದೆ, ಇವನ ಕೊರಳಿಗೆ ಹಗ್ಗ ಬರುತ್ತದೆ, ಅವಳು ಒಂದು ಹನಿ ಕಣ್ಣೀರು ಹಾಕದೆ ಹೊರಟು ನಿಲ್ಲುತ್ತಾಳೆ. ಕೆಡುತ್ತದೆ ಎಂಬುದು ಮೊದಲೇ ಗೊತ್ತು. ಆದರೂ ಎದ್ದು ಹೋಗಲು ಆಗುವುದಿಲ್ಲ. ತೊಯ್ದ ರಸ್ತೆ, ಟೋಪಿಯ ಕೆಳಗಿನ ಅರ್ಧ ಮುಖ, ಅವಳ ಕೆನ್ನೆಯ ಮೇಲೆ ಕಿಟಕಿಯ ಪಟ್ಟಿಗಳ ನೆರಳು. ಸಾಹೇಬರು ಅಲ್ಲಲ್ಲಿ ನಿಲ್ಲಿಸಿ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಿದ್ದರು. ಅರ್ಧ ದಾಟಿದ ಮೇಲೆ ನಿಲ್ಲಿಸಬೇಡಿ ಎಂದು ನಾನೇ ಹೇಳಿದೆ.

ಪೊಲೀಸನಿಗೆ ಇಂಥ ಸಿನಿಮಾ ಯಾಕೆ ಹಿಡಿಸುತ್ತದೆ ಎಂದು ಆಮೇಲೆ ಯೋಚಿಸಿದ್ದೇನೆ. ಅದರಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ. ನಮಗೂ ಬೆಳಗಿನಿಂದ ಸಂಜೆಯ ತನಕ ಸಿಗುವವರು ಅಂಥವರೇ. ಬೇರೆ ಸಿನಿಮಾಗಳಲ್ಲಿ ಒಳ್ಳೆಯವರನ್ನು ನಂಬು ಎನ್ನುತ್ತಾರೆ, ಇದು ಯಾರನ್ನೂ ನಂಬಬೇಡ ಎನ್ನುತ್ತದೆ. ನಮ್ಮ ಸಂಶಯಕ್ಕೆ ಯಾರೋ ಬೆನ್ನು ಚಪ್ಪರಿಸಿದಂತೆ ಆಗುತ್ತದೆ. ನನಗಂತೂ ತುಂಬಾ ಸಂತೋಷವಾಗಿತ್ತು.

ಮನೆಗೆ ಬಂದು ಹೆಂಡತಿ ಶಾಂತಾಗೆ ಕತೆಯನ್ನು ಪೂರ್ತಿ ಹೇಳಿದೆ. ಅವಳು ನಿಪ್ಪಾಣಿಯ ಬೀಡಿ ಕಟ್ಟುವವರ ಓಣಿಯಲ್ಲಿ ಬೆಳೆದವಳು, ಕೇಳಿದ್ದನ್ನು ಸುಮ್ಮನೆ ನುಂಗುವವಳಲ್ಲ. ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಕಥಿ ಪೂರಾ ಆವನ ಹೇಳ್ಯಾನಲ್ರಿ. ಆಕೀನ ಯಾರರ ಕೇಳಿದ್ರೇನು?”

“ಆಕೀನ ಏನ ಕೇಳೂದ? ಕಣ್ಣಿಗೆ ಕಾಣಸ್ತೈತಲ್ಲ.”

“ನಿಮ್ಮ ಕಣ್ಣಿಗೆ ಕಾಣಸ್ತೈತಿ ಬಿಡ್ರಿ,” ಎಂದು ರೊಟ್ಟಿ ತಿರುವಿ ಹಾಕಿದಳು. ನಾನು ಊಟಕ್ಕೆ ಕೂತೆ.

ಸಾಹೇಬರು ಆ ಸಿನಿಮಾಗಳಿಂದ ಒಂದು ವಿದ್ಯೆ ಕಲಿತಿದ್ದರು. ಸುಮ್ಮನೆ ಕೂಡುವುದು. ತೋಟದ ಪಂಪ್‌ಸೆಟ್ಟುಗಳ ತಾಮ್ರದ ಕೇಬಲ್ ಕದ್ದ ಒಬ್ಬನನ್ನು ಹಾರೂಗೇರಿಯ ಸಂತೆಯಲ್ಲಿ ಹಿಡಿದಿದ್ದೆವು. ನಾನು ಹಳೆಯ ಪದ್ಧತಿಯಂತೆ ದನಿ ಏರಿಸಿ ಸಾಕಾಗಿದ್ದೆ. ಸಾಹೇಬರು ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಒಂದು ಕದ ಮಾತ್ರ ತೆರೆದು, ಅವನ ಎದುರು ಕುರ್ಚಿ ಹಾಕಿಕೊಂಡು ಕೂತರು. ಒಂದು ಮಾತಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವನು ನೀರು ಕೇಳಿದ, ಕೊಟ್ಟರು. ಮತ್ತೆ ಸುಮ್ಮನೆ ಕೂತರು. ಕೊನೆಗೆ ಅವನೇ ಬೆವರು ಒರೆಸಿಕೊಂಡು, “ಸಾಹೇಬ್ರ, ಏನರ ಕೇಳ್ರಿ, ಹಿಂಗ ಕುಂಡ್ರಬ್ಯಾಡ್ರಿ,” ಎಂದು ಎಲ್ಲವನ್ನೂ ಹೇಳಿಬಿಟ್ಟ. ಕೇಬಲ್ಲೂ ಸಿಕ್ಕಿತು. ಅಂದಿನಿಂದ ನಾನು ಸಾಹೇಬರ ಭಕ್ತನಾದೆ.

ಬೇಸಿಗೆ ಆಗತಾನೆ ಏರುತ್ತಿತ್ತು. ನಮ್ಮ ಕಾಗವಾಡದ ಕಡೆ ಆ ದಿನಗಳಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಕೆಲಸ ಜೋರು. ಬಲೆ ಕಟ್ಟಿದ ಅಟ್ಟಣಿಗೆಗಳ ಮೇಲೆ ಒಣಗಿಸಿದ ಹಣ್ಣಿಗೆ ಬಂಗಾರದ ಬಣ್ಣ ಬರಲೆಂದು, ಒಂದು ಸಣ್ಣ ಕೋಣೆಯಲ್ಲಿಟ್ಟು ಗಂಧಕದ ಹೊಗೆ ಕೊಡುತ್ತಾರೆ. ಬೋಗುಣಿಯಲ್ಲಿ ಗಂಧಕ ಹೊತ್ತಿಸಿ, ಬಾಗಿಲು ಮುಚ್ಚಿ ಹೊರಗಿನಿಂದ ಕೊಂಡಿ ಹಾಕಿ, ಸಂದಿಗೆ ಹಸಿ ಗೋಣಿಚೀಲ ತುರುಕುತ್ತಾರೆ. ಆ ಹೊಗೆ ಎದೆಗೆ ಹೋದರೆ ಮನುಷ್ಯ ಉಳಿಯುವುದು ಕಷ್ಟ.

ಅಂಥ ಒಂದು ಕೋಣೆಯಲ್ಲಿ ಮಾರುತಿ ಎಂಬ ರೈತ ಸತ್ತುಬಿದ್ದಿದ್ದ. ಕಬ್ಬು, ದ್ರಾಕ್ಷಿ ಎರಡೂ ಇದ್ದ ಗಟ್ಟಿ ಮನೆತನ. ಮನೆಯಲ್ಲಿ ಅವನು, ಹೆಂಡತಿ ಸುರೇಖಾ, ಶಾಲೆಗೆ ಹೋಗುವ ಒಬ್ಬ ಮಗಳು, ತಾಯಿ ಅಕ್ಕಾತಾಯಿ. ತಾಯಿಗೆ ಕಿವಿ ಮಂದ. ಸುರೇಖಾ ಹೇಳಿದ್ದು ಇಷ್ಟು. ತಾನು ದೂರದ ಅಟ್ಟಣಿಗೆಯ ಹತ್ತಿರ ಇದ್ದೆ, ಅಲ್ಲಿ ಟ್ರ್ಯಾಕ್ಟರ್ ಓಡುತ್ತಿತ್ತು. ಚಹಾಕ್ಕೆ ಗಂಡನನ್ನು ಹುಡುಕಿದೆ, ಎಲ್ಲಿಯೂ ಕಾಣಲಿಲ್ಲ. ಗಂಧಕದ ಕೋಣೆಯ ಕೊಂಡಿ ತೆಗೆದರೆ ಬಾಗಿಲ ಬುಡದಲ್ಲೇ ಬಿದ್ದಿದ್ದ.

ಕೊಂಡಿ ಹೊರಗಿನಿಂದ ಹಾಕಿತ್ತು. ಸತ್ತವನ ಮುಖಕ್ಕೆ ಒಂದು ಹಸಿ ಟವೆಲ್ ಸುತ್ತಿತ್ತು. ಬಾಗಿಲು ಬಡಿದು ಬಡಿದು ಎರಡೂ ಕೈಗಳ ಗೆಣ್ಣು ಸುಲಿದಿದ್ದವು. 

ಅಕ್ಕಾತಾಯಿ ಎದೆ ಬಡಿದುಕೊಂಡು ಸೊಸೆಯತ್ತ ಕೈ ತೋರಿಸಿದಳು. “ಆಕೀನ ರಿ. ನನ್ನ ಮಗನ್ನ ತಿಂದಾಕಿ ಆಕೀನ. ದಿನಾ ರಾತ್ರಿ ಫೋನ್ಯಾಗ ಮಾತಾಡಾಕಿ.” ಸುರೇಖಾ ಕಂಬಕ್ಕೊರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಸಾಹೇಬರು ನನ್ನ ಕಿವಿಯ ಹತ್ತಿರ ಬಂದು, “ಕಲ್ಲಪ್ಪ, ನೋಡಿ, ಒಂದು ಹನಿ ಕಣ್ಣೀರಿಲ್ಲ,” ಎಂದರು. ಯಾವ ಹೆಂಗಸು ಅವರ ಕಣ್ಣ ಮುಂದೆ ಬಂದಿದ್ದಳೆಂದು ನನಗೆ ತಿಳಿಯಿತು. ನನ್ನ ಕಣ್ಣ ಮುಂದೆಯೂ ಅವಳೇ ಬಂದಿದ್ದಳು.

ಹಿಂದಿನ ಕಾಲದಲ್ಲಾದರೆ ಊರೆಲ್ಲ ಸುತ್ತಿ ಕೇಳಬೇಕಿತ್ತು. ಈಗ ಕಂಪ್ಯೂಟರು ಇದೆ. ಅವಳ ಮೊಬೈಲಿನ ಕರೆಗಳ ಪಟ್ಟಿ ತರಿಸಿದೆವು. ರಾತ್ರಿಯ ಕರೆಗಳೆಲ್ಲ ಮಿರಜಿನ ಒಂದೇ ನಂಬರಿಗೆ. ಆ ಸಿಮ್ಮು ಒಬ್ಬ ಗಂಡಸಿನ ಹೆಸರಿನಲ್ಲಿತ್ತು. ಅದು ಯಾರದೆಂದು ಕೇಳಿದರೆ ಸುರೇಖಾ, “ನಮ್ಮ ಅಕ್ಕನ ನಂಬರ್ ರಿ,” ಎಂದಳು. ಸಾಹೇಬರು ಸಣ್ಣಗೆ ನಕ್ಕರು. ನಾನು ಆ ನಂಬರಿಗೆ ಕರೆ ಮಾಡಿ ನೋಡಿದೆ. ಎತ್ತಿದವಳು ಹೆಂಗಸು. ಸುರೇಖಾ ಹೇಗಿದ್ದಾಳೆ ಎಂದು ಮರಾಠಿಯಲ್ಲಿ ಕೇಳಿ ಅಳತೊಡಗಿದಳು. ಸಿಮ್ಮು ಗಂಡನ ಹೆಸರಿನಲ್ಲಿದೆ ಎಂದಳು. ನಮ್ಮ ಕಡೆ ಅರ್ಧ ಹೆಂಗಸರ ಸಿಮ್ಮು ಗಂಡಂದಿರ ಹೆಸರಿನಲ್ಲೇ ಇರುತ್ತದೆ, ನನ್ನ ಹೆಂಡತಿಯದೂ ಹಾಗೆಯೇ.

ಸಾಹೇಬರಿಗೆ ಹೇಳಿದೆ. “ಆ ಸಿಮ್ಮಿನ ಗಂಡಸೇ ಯಾರೋ ಹೆಂಗಸಿಗೆ ಕಲಿಸಿಕೊಟ್ಟು ಫೋನ್ ಕೊಟ್ಟಿರ್ತಾನೆ, ಕಲ್ಲಪ್ಪ. ಅಷ್ಟೂ ಗೊತ್ತಾಗಲ್ವಾ?” ಎಂದರು. ಸಂಶಯ ಒಮ್ಮೆ ಗಟ್ಟಿಯಾದರೆ ಅದರ ವಿರುದ್ಧ ಬಂದದ್ದೂ ಅದಕ್ಕೇ ಸಾಕ್ಷಿಯಾಗಿಬಿಡುತ್ತದೆ. ಈ ಕೆಲಸಕ್ಕೆ ಬರುವ ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಅಷ್ಟರಲ್ಲಿ ಮಾರುತಿಯ ಭಾವಬಂದರು, ಅಂದರೆ ದಾಯಾದಿಗಳು, ದಿನಾ ಠಾಣೆಯ ಮುಂದೆ ಬಂದು ಕೂರತೊಡಗಿದರು. ಸೊಸೆಯನ್ನು ಯಾಕೆ ಒಳಗೆ ಹಾಕಿಲ್ಲ ಎಂದು ಅವರ ಕೂಗು. ಮೇಲಿನಿಂದಲೂ ಫೋನು. ನಾಳೆ ಬಂಧಿಸೋಣ ಎಂದು ಸಾಹೇಬರು ತೀರ್ಮಾನ ಮಾಡಿದರು. ಕೊಲೆಯ ಆರೋಪ ಎಂದರೆ ಸುಲಭಕ್ಕೆ ಜಾಮೀನು ಸಿಗುವುದಿಲ್ಲ. ಮಗಳನ್ನು ಅಜ್ಜಿ ಸುರೇಖಾಳ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ನಾನು ಆ ಊರಿನ ಚಹಾದ ಅಂಗಡಿಗೆ ಹೋಗಿ ಕೂತೆ. ಪಕ್ಕದ ತೋಟದವನೊಬ್ಬ ಸಿಕ್ಕ. ಮಾರುತಿಯ ಮುಖಕ್ಕೆ ಟವೆಲ್ ಯಾರು ಸುತ್ತಿರಬಹುದು ಎಂದು ಸುಮ್ಮನೆ ಮಾತು ತೆಗೆದೆ.

“ಯಾರ ಸುತ್ತತಾರ್ರಿ? ಆವನ ಸುತಗೊಂಡಿರ್ತಾನ,” ಎಂದ. “ಬೋಗುಣ್ಯಾಗಿನ ಗಂಧಕ ಆರಿದ್ರ ಮತ್ತ ಹಚ್ಚಾಕ ಒಳಗ ಹೋಗಬೇಕಲ್ರಿ. ಮೂಗಿಗಿ ಹಸಿ ಅರಬಿ ಕಟಗೊಂಡ ಹೋಗೂದ.”

“ಬಾಗಲಾ?”

“ತೆರದ ಇಟ್ಟ ಹೋಗತಾರ್ರಿ. ಕೊಂಡಿಗಿ ಟವೆಲ್ ಹಾಕತೀವಿ, ಒಳಗ ಮಂದಿ ಅದಾರ ಅನ್ನೂ ಗುರತಕ.” ಅವನು ಚಹಾದ ಲೋಟ ಕೆಳಗಿಟ್ಟ. “ಮಾರುತಿ ಇದ್ದೊಂದ ಟವೆಲ್ ಮಾರಿಗಿ ಕಟಗೊಂಡಾನ ನೋಡ್ರಿ. ಕೊಂಡಿಗಿ ಏನ ಹಾಕ್ಯಾನ?”

 ಓಡಿಬಂದು ಸಾಹೇಬರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಸುಳ್ಳಲ್ಲ. ಆಮೇಲೆ ಕೇಳಿದರು: “ಸರಿ, ಟವೆಲ್ ಅವನೇ ಕಟ್ಕೊಂಡ. ಕೊಂಡಿ ತಾನಾಗೇ ಬಿತ್ತಾ? ಚೀಲ ತಾನಾಗೇ ಸಂದಿಗೆ ಹೋಯ್ತಾ?”  ಕೊಂಡಿ ಯಾರದೋ ಕೈ ಹಾಕಿದ್ದೇ ಆಗಿತ್ತು.

ಮರುದಿನ ಮಧ್ಯಾಹ್ನ ಜೀಪಿನಲ್ಲಿ ಹೋದೆವು. ಸಾಹೇಬರು, ನಾನು, ಒಬ್ಬ ಮಹಿಳಾ ಪೇದೆ. ಭಾವಬಂದರು ಮೊದಲೇ ಬಂದು ಅಂಗಳ ತುಂಬಿದ್ದರು. ಯಾರೋ ಸುರೇಖಾಳ ಕಡೆ ಉಗುಳಿದರು. ಬಂಧಿಸುವ ಮುಂಚೆ ಸ್ಥಳದಲ್ಲೇ ಕೊನೆಯ ಸಲ ಕೇಳಬೇಕೆಂದು ಸಾಹೇಬರು ಅವಳನ್ನು ಗಂಧಕದ ಕೋಣೆಯ ಬಾಗಿಲಿಗೆ ಕರೆತಂದು ನಿಲ್ಲಿಸಿದರು. ಅಕ್ಕಾತಾಯಿ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು.

ಕೋಣೆಗೆ ಕರೆತರುವಾಗ ನಾನು ಸುರೇಖಾಳನ್ನು ಮೆಲ್ಲಗೆ ಕೇಳಿದ್ದೆ. “ಯವ್ವಾ, ಎಲ್ಲಾರೂ ನೀ ಅಳಲಿಲ್ಲ ಅಂತಾರಲ್ಲ, ಯಾಕ?”

“ಅಳಾಕ ನನಗ ಪುರಸತ್ತ ಕೊಟ್ಟೀರೇನ್ರಿ?” ಎಂದಿದ್ದಳು. ಅಷ್ಟೇ.

ಸಾಹೇಬರು ತಮ್ಮ ವಿದ್ಯೆ ತೆಗೆದರು. ಕೊಂಡಿಯನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು, ಅವಳ ಮುಖವನ್ನೇ ನೋಡುತ್ತ ನಿಂತರು. ಒಂದು ಮಾತೂ ಆಡಲಿಲ್ಲ. ಗುಸುಗುಸು ಎನ್ನುತ್ತಿದ್ದ ಭಾವಬಂದರೂ ಸುಮ್ಮನಾದರು. ಬಿಸಿಲು ನೆತ್ತಿ ಸುಡುತ್ತಿತ್ತು. ಸುರೇಖಾ ನೆಲ ನೋಡುತ್ತ ನಿಂತಿದ್ದಳು, ಅವಳ ತುಟಿ ಅಲುಗಲಿಲ್ಲ. ಮಹಿಳಾ ಪೇದೆ ನನ್ನ ಮುಖ ನೋಡಿದಳು. ಇನ್ನು ಒಂದು ಸನ್ನೆ ಮಾಡಿದರೆ ಅವಳು ಮುಂದೆ ಹೋಗಿ ಕೈ ಹಿಡಿಯಬೇಕು. 

ಅದನ್ನು ನೋಡಿ ತಾಳಲಾರದೆ ಬಾಯಿ ಬಿಟ್ಟವಳು ಸುರೇಖಾ ಅಲ್ಲ. ಅಕ್ಕಾತಾಯಿ.

“ಆಕೀಗಿ ಕೊಂಡಿ ಏನ ತೋರಸ್ತೀರಿ ಸಾಹೇಬ್ರ? ಆಕೀಗಿ ಬಾಗಲಾ ಹಾಕೂ ಖಬರ ಎಲ್ಲಿ ಐತ್ರಿ?” ಎಂದಳು, ಕಿವಿ ಮಂದವಿದ್ದವರು ಮಾತಾಡುವ ಆ ದೊಡ್ಡ ದನಿಯಲ್ಲಿ. “ಅವತ್ತ ಸೈತ ಬಾಗಲಾ ಸಡ್ಲ ಬಿಟ್ಟ ಹೋಗಿದ್ಲು. ಹೊಗಿ ಎಲ್ಲಾ ಹೊರಗ ಹೊಂಟಿತ್ತ. ಅಷ್ಟೂ ಮಣೂಕ ಕರ್ರಗ ಆಗತಿದ್ವು. ನಾನ ಬಂದ ಕೊಂಡಿ ಹಾಕಿ, ಚೀಲಾ ಒತ್ತಿ, ಆಕಳಿಗಿ ನೀರ ಕುಡಸಾಕ ಹ್ವಾದ್ಯಾ. ಮನ್ಯಾಗಿನ ಕೆಲಸಾ ಅಂದ್ರ ಆಕೀಗಿ ಹಿಂಗ ನೋಡ್ರಿ.”

ಸೊಸೆ ಎಂಥ ಮೈಗಳ್ಳಿ ಎಂದು ದೂರುವುದಕ್ಕೆ ಅವಳು ಇದನ್ನು ಹೇಳಿದ್ದಳು. ನಮ್ಮ ಕಡೆ ಗಂಧಕದ ಕೋಣೆಯ ಬಾಗಿಲು ತೆರೆದದ್ದು ಕಂಡರೆ ಯಾರದೇ ಆಗಲಿ, ದಾರಿಯಲ್ಲಿ ಹೋಗುವವರು ಮುಚ್ಚಿ ಹೋಗುತ್ತಾರೆ. ಹೊಗೆ ಹೊರಗೆ ಹೋದರೆ ವರ್ಷದ ಬೆಳೆಯ ಬಣ್ಣ ಹೋಯಿತು. ಅದು ಒಳ್ಳೆಯ ಮಂದಿಯ ರೂಢಿ. ಕೊಂಡಿಗೆ ಟವೆಲ್ ಇರಲಿಲ್ಲ, ಆದ್ದರಿಂದ ಒಳಗೆ ಯಾರೂ ಇಲ್ಲ ಎಂದೇ ಅವಳ ತಿಳುವಳಿಕೆ. ಬಡಿದ ಸದ್ದು ಅವಳಿಗೆ ಕೇಳುವಂತಿರಲಿಲ್ಲ. ಇಷ್ಟು ದಿನ ನಾವು ಅವಳನ್ನು ಸೊಸೆಯ ಬಗ್ಗೆ ಕೇಳಿದೆವೇ ಹೊರತು, ನೀನು ಅವತ್ತು ಏನು ಮಾಡುತ್ತಿದ್ದೆ ಎಂದು ಕೇಳಿರಲಿಲ್ಲ. ಮಗ ಸತ್ತ ತಾಯಿಯನ್ನು ಯಾರು ಹಾಗೆ ಕೇಳುತ್ತಾರೆ? ರೊಟ್ಟಿ ಬಡಿಯುತ್ತ ಶಾಂತಾ ಕೇಳಿದ ಮಾತು ನನಗೆ ಆಗ ನೆನಪಾಯಿತು.

 ಅಂಗಳದಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು, ಅಕ್ಕಾತಾಯಿಯನ್ನು ಬಿಟ್ಟು.

ಆಗ ಸುರೇಖಾ ತಲೆ ಎತ್ತಿದಳು. “ಇಲ್ರಿ ಸಾಹೇಬ್ರ. ಕೊಂಡಿ ನಾನ ಹಾಕೀನ್ರಿ. ಬರಕೋರಿ. ನನ್ನ ಕರಕೊಂಡ ನಡೀರಿ.”

ಅಷ್ಟು ದಿನದಿಂದ ಸಾಹೇಬರು ಕಾಯುತ್ತಿದ್ದ ಮಾತು ಅದೇ. ಅದು ಈಗ ಬಂತು. ಬಂದಾಗ ಅವರ ಮುಖ ಬಿಳಿಚಿಕೊಂಡಿತು. ಅವರ ಸಿನಿಮಾದಲ್ಲಿ ಹೆಣ್ಣು ಸುಳ್ಳು ಹೇಳುವುದು ತಾನು ಪಾರಾಗಲು. ಇವಳು ತಾನೇ ಸಿಕ್ಕಿಬೀಳಲು ಹೇಳುತ್ತಿದ್ದಳು, ತನ್ನನ್ನು ದಿನಾ ಶಪಿಸಿದ ಮುದುಕಿಗೆ ಆ ಒಂದು ಸಂಗತಿ ತಿಳಿಯಬಾರದೆಂದು.

“ಏನಂತಾಳ?” ಅಕ್ಕಾತಾಯಿ ನನ್ನನ್ನು ಕೇಳಿದಳು. “ಏನಂದ್ಲೋ ಯಪ್ಪಾ ಆಕಿ?”

ನಾನು ಸಾಹೇಬರ ಕಡೆ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು. ಏನೂ ಇಲ್ಲ ಎಂದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಅದನ್ನು ಮುಚ್ಚಿಟ್ಟರೆ ಸುರೇಖಾ ಜೈಲಿಗೆ ಹೋಗಬೇಕಿತ್ತು. ಮುದುಕಿಯ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದೆ. “ಕೊಂಡಿ ತಾನ ಹಾಕೀನಿ ಅಂತಾಳ್ರಿ, ಆಯಿ.”

“ಸುಳ್ಳ,” ಎಂದಳು ಅಕ್ಕಾತಾಯಿ. “ಎಲ್ಲಿ ಹಾಕಿದ್ಲು ಆಕಿ? ನಾನ ಹಿಂಗ ಬಾಗಲಾ ಜಗ್ಗಿ, ಹಿಂಗ ಕೊಂಡಿ...”

ಹೇಗೆ ಹಾಕಿದೆ ಎಂದು ತೋರಿಸಲು ಬಲಗೈ ಮೇಲೆತ್ತಿದ್ದಳು. ಆ ಕೈ ಅಲ್ಲೇ ನಿಂತಿತು. ಬಾಗಿಲನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮತ್ತೆ ಬಾಗಿಲನ್ನು ನೋಡಿದಳು.  ಸುರೇಖಾ ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿ, ಅತ್ತೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅವತ್ತು ಅವಳು ಮೊದಲ ಸಲ ಅತ್ತಳು. ಮಹಿಳಾ ಪೇದೆ ಮುಖ ಆಚೆ ತಿರುಗಿಸಿದಳು. ನನಗೂ ನಿಲ್ಲಲಾಗಲಿಲ್ಲ, ಜೀಪಿನ ಹಿಂದೆ ಹೋಗಿ ನಿಂತೆ.

ಸಾಹೇಬರು ನಡೆದದ್ದನ್ನು ನಡೆದಂತೆಯೇ ಬರೆದು ಆಕಸ್ಮಿಕ ಸಾವು ಎಂದು ವರದಿ ಕಳಿಸಿದರು. ಮೇಲಿನವರೂ ಒಪ್ಪಿದರು.  ಅವತ್ತು ವಾಪಸು ಬರುವಾಗ ಜೀಪಿನಲ್ಲಿ, “ಕಲ್ಲಪ್ಪ, ಆ ಸಿನಿಮಾದ ಹೆಂಗಸನ್ನ ಯಾರೂ ಏನೂ ಕೇಳಲೇ ಇಲ್ಲ ಅಲ್ವಾ?” ಎಂದರು. ಇದೇ ಮಾತನ್ನು ನನ್ನ ಹೆಂಡತಿ ಎಂದೋ ಹೇಳಿದ್ದಳೆಂದು ನಾನು ಹೇಳಲಿಲ್ಲ. ನನ್ನ ಮಗನ ವಯಸ್ಸಿನ ಹುಡುಗ, ಮುಖ ಸೋತುಹೋಗಿತ್ತು.

ಆ ಸಿನಿಮಾವನ್ನು ನಾನು ಈಗಲೂ ಮೊಬೈಲಿನಲ್ಲಿ ನೋಡುತ್ತೇನೆ. ಅದು ಈಗಲೂ ಹಿಡಿದು ಕೂರಿಸುತ್ತದೆ. ಆದರೆ ನನ್ನ ಕಣ್ಣು ಈಗ ಮಾತಾಡುವವನ ಮೇಲೆ ಇರುವುದಿಲ್ಲ. ಯಾರೂ ಮಾತಾಡಲು ಬಿಡದ ಆ ಹೆಂಗಸಿನ ಮುಖವನ್ನು ನೋಡುತ್ತೇನೆ.

ನಿವೃತ್ತಿಯ ಮುಂಚಿನ ಬೇಸಿಗೆಯಲ್ಲಿ ಬೇರೆ ಕೆಲಸಕ್ಕೆಂದು ಆ ದಾರಿಯಲ್ಲಿ ಹೋಗಿದ್ದೆ. ಮಾರುತಿಯ ತೋಟದಲ್ಲಿ ಅವತ್ತು ಗಂಧಕ ಹಚ್ಚುತ್ತಿದ್ದರು. ಸುರೇಖಾ ಬೋಗುಣಿ ಇಟ್ಟು ಹೊರಗೆ ಬಂದಳು. ಅಕ್ಕಾತಾಯಿ ಕೋಲೂರಿಕೊಂಡು ಬಾಗಿಲಿಗೆ ಬಂದು, ಒಳಗೆ ತಲೆ ಹಾಕಿ ಕೂಗಿದಳು. “ಒಳಗ ಯಾರ ಅದೀರಿ?” ಹೊಗೆಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮತ್ತೆ ಕೂಗಿದಳು. ಒಳಗಿನಿಂದ ಯಾರು ಓಗೊಟ್ಟರೂ ಅವಳಿಗೆ ಕೇಳಿಸುವುದಿಲ್ಲ. ಅದಕ್ಕೆ ಸುರೇಖಾ ಅವಳ ಎದುರಿಗೆ ಬಂದು ನಿಂತು, ಯಾರೂ ಇಲ್ಲ ಎಂದು ಕೈಯಾಡಿಸಿ ತೋರಿಸಿದಳು. ಮುದುಕಿ ಆ ಕೈಯನ್ನು ನೋಡಿ ತಲೆಯಾಡಿಸಿ ಹಿಂದೆ ಸರಿದಳು. ಆಮೇಲೆ ಸುರೇಖಾ ಬಾಗಿಲು ಮುಚ್ಚಿದಳು.